ಅರವತ್ತು ವರ್ಷ ಕಾದ ಹಿತ್ತಾಳೆ ಬೋಲ್ಟ್

ಪ್ರಶ್ನೆ: ನಾನು ಕುಮಟಾ ಕಡೆಯವಳು. ಬಿ.ಎಸ್ಸಿ. ಎರಡನೇ ವರ್ಷ, ಪ್ರಾಣಿಶಾಸ್ತ್ರ. ನಾವು ಐದು ಜನ ಸೇರಿ ಊರಿನ ಹತ್ತಿರದ ಕಡಲ ಬಂಡೆಗಳ ಮೇಲಿನ ಜೀವಿಗಳನ್ನು ಅಧ್ಯಯನ ಮಾಡಬೇಕು ಅಂದುಕೊಂಡಿದ್ದೇವೆ. ಹುಡುಕಿದರೆ ಇಪ್ಪತ್ತು ವರ್ಷ, ಮೂವತ್ತು ವರ್ಷದ ಅಧ್ಯಯನಗಳೇ ಸಿಗುತ್ತವೆ. ನಮಗಿರುವುದು ಇನ್ನು ಒಂದೂವರೆ ವರ್ಷ, ಆಮೇಲೆ ಒಬ್ಬೊಬ್ಬರು ಒಂದೊಂದು ಕಡೆ. ಇಷ್ಟರಲ್ಲಿ ಉಪಯೋಗಕ್ಕೆ ಬರುವಂಥದ್ದು ಏನಾದರೂ ಮಾಡಲು ಆಗುತ್ತಾ? ದೊಡ್ಡ ಉಪಕರಣ ಯಾವುದೂ ನಮ್ಮಲ್ಲಿಲ್ಲ. ವಿದ್ಯಾರ್ಥಿಗಳು ಎಣಿಸಿದ ಲೆಕ್ಕವನ್ನು ಯಾರಾದರೂ ನಂಬುತ್ತಾರಾ?

ಉತ್ತರ: ಒಂದೂವರೆ ವರ್ಷ ಸಾಕು. ಯಾಕೆ ಸಾಕು ಅನ್ನುವುದಕ್ಕೆ ಮೊದಲು ಒಂದು ಕತೆ ಹೇಳುತ್ತೇನೆ. ನಿಮ್ಮ ಪ್ರಶ್ನೆಯ ಮುಕ್ಕಾಲು ಭಾಗಕ್ಕೆ ಅದರಲ್ಲೇ ಉತ್ತರ ಇದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾಂಟೆರೆ ಕೊಲ್ಲಿ ಇದೆ. ಅದರ ದಂಡೆಯ ಪೆಸಿಫಿಕ್ ಗ್ರೋವ್ ಎಂಬ ಊರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹಾಪ್ಕಿನ್ಸ್ ಕಡಲ ಸಂಶೋಧನಾ ಕೇಂದ್ರ. 1931ರಲ್ಲಿ ಅಲ್ಲಿ ವಿಲ್ಲಿಸ್ ಹೆವಾಟ್ ಎಂಬ ಪಿಎಚ್.ಡಿ. ವಿದ್ಯಾರ್ಥಿ ಇದ್ದರು. ದಡದಿಂದ ನೀರಿನ ಕಡೆಗೆ, ಬಂಡೆಗಳ ಮೇಲೆ ಒಂದು ನೇರ ಗೆರೆ ಹಿಡಿದರು. ಸುಮಾರು ನೂರು ಗಜ ಉದ್ದದ ಗೆರೆ. ಅದನ್ನು ಒಂದು ಗಜ ಉದ್ದ, ಒಂದು ಗಜ ಅಗಲದ ಚೌಕಗಳಾಗಿ ಭಾಗ ಮಾಡಿ, ಒಂದೊಂದು ಚೌಕದಲ್ಲೂ ಕಣ್ಣಿಗೆ ಕಂಡ ಪ್ರಾಣಿಗಳನ್ನೆಲ್ಲ ಎಣಿಸಿ ಬರೆದರು. 1933ರವರೆಗೆ ಈ ಕೆಲಸ ನಡೆಯಿತು. ಗೆರೆ ಎಲ್ಲಿ ಹಾದು ಹೋಗಿದೆ ಎಂದು ತಿಳಿಯಲು ಬಂಡೆಗೆ ಹಿತ್ತಾಳೆ ಬೋಲ್ಟ್ ಕೂರಿಸಿದ್ದರು. ಪ್ರಬಂಧ ಮುಗಿಯಿತು, ಡಿಗ್ರಿ ಬಂತು, ಅವರು ಮೇಷ್ಟ್ರಾಗಿ ಟೆಕ್ಸಾಸ್‌ಗೆ ಹೋದರು.

ಅರವತ್ತು ವರ್ಷ ಕಳೆಯಿತು. 1993ರಲ್ಲಿ ಅದೇ ಕೇಂದ್ರದಲ್ಲಿ ಇಬ್ಬರು ವಿದ್ಯಾರ್ಥಿಗಳಿದ್ದರು. ಒಬ್ಬರು ಸಾರಾ ಗಿಲ್ಮನ್, ಇನ್ನೊಬ್ಬರು ರೇಫ್ ಸಾಗರಿನ್. ಹೆಸರಲ್ಲೇ ಸಾಗರ ಇದೆ ಎಂದು ನನಗೆ ಅವರ ಹೆಸರು ಮರೆತೇ ಹೋಗುವುದಿಲ್ಲ. ಇಬ್ಬರೂ ನಿಮ್ಮ ಹಾಗೆ ಡಿಗ್ರಿ ಓದುತ್ತಿದ್ದವರು, ಪಿಎಚ್.ಡಿ. ಇನ್ನೂ ದೂರ. ಚಕ್ ಬ್ಯಾಕ್ಸ್‌ಟರ್ ಎಂಬ ಅಧ್ಯಾಪಕರು, ಜೇಮ್ಸ್ ಬ್ಯಾರಿ ಎಂಬ ವಿಜ್ಞಾನಿ ಅವರ ಜೊತೆಗಿದ್ದರು. ಹೆವಾಟ್ ಅವರ ಬೋಲ್ಟುಗಳನ್ನು ಹಿಡಿದು ಹಳೆಯ ಗೆರೆಯನ್ನು ಮತ್ತೆ ಹಾಕಿದರು. ಅದೇ ಚೌಕ, ಅದೇ ಅಳತೆ. ಮೊಣಕಾಲೂರಿ ಕೂತು ಎಣಿಸಿದರು.

ಫಲಿತಾಂಶ 1995ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಒಟ್ಟು 45 ಜಾತಿಯ ಪ್ರಾಣಿಗಳನ್ನು ಹೋಲಿಸಿದ್ದರು. ಅವುಗಳಲ್ಲಿ ದಕ್ಷಿಣದ ಬೆಚ್ಚನೆಯ ನೀರಿನವು ಒಂಬತ್ತು. ಅವುಗಳಲ್ಲಿ ಎಂಟು ಜಾಸ್ತಿಯಾಗಿದ್ದವು. ಉತ್ತರದ ತಣ್ಣನೆಯ ನೀರಿನವು ಎಂಟು, ಅವುಗಳಲ್ಲಿ ಐದು ಕಡಿಮೆಯಾಗಿದ್ದವು. ಎರಡೂ ಕಡೆ ಬದುಕುವ ಜಾತಿಗಳು ಕೆಲವು ಏರಿದ್ದವು, ಕೆಲವು ಇಳಿದಿದ್ದವು, ಒಂದೇ ದಿಕ್ಕು ಅಂತ ಇರಲಿಲ್ಲ. ಅದೇ ದಡದಲ್ಲಿ 1919ರಿಂದ ದಿನಾ ನೀರಿನ ಉಷ್ಣಾಂಶ ನೋಡಿ ಬರೆದಿಡುವ ಪದ್ಧತಿಯಿತ್ತು. ಆ ಪುಸ್ತಕ ತೆಗೆದು ನೋಡಿದರೆ ಅರವತ್ತು ವರ್ಷದಲ್ಲಿ ನೀರಿನ ಸರಾಸರಿ ಉಷ್ಣಾಂಶ 0.75 ಡಿಗ್ರಿ ಸೆಲ್ಸಿಯಸ್ ಏರಿತ್ತು. ಭೂಮಿ ಬಿಸಿಯಾದರೆ ಜೀವಿಗಳು ಜಾಗ ಬದಲಿಸುತ್ತವೆ ಎಂದು ಆಗ ಎಲ್ಲರೂ ಊಹಿಸುತ್ತಿದ್ದರು. ಇಲ್ಲಿ ಅದು ಬಂಡೆಯ ಮೇಲೆ, ಎಣಿಕೆಯಲ್ಲಿ ಕಾಣಿಸಿತು.

ಈಗ ಯೋಚಿಸಿ. ಹೆವಾಟ್ ಎಣಿಸಿದ್ದು ಎರಡು ಮೂರು ವರ್ಷ ಮಾತ್ರ. ಸಾಗರಿನ್ ಮತ್ತು ಗಿಲ್ಮನ್ ಶುರು ಮಾಡಿದ್ದೂ ವಿದ್ಯಾರ್ಥಿಗಳಾಗಿದ್ದಾಗಲೇ. ಅರವತ್ತು ವರ್ಷ ಬಂಡೆಯ ಮುಂದೆ ಕೂತವರು ಯಾರೂ ಇಲ್ಲ. ಎರಡು ತುದಿಯಲ್ಲಿ ಎರಡು ಒಳ್ಳೆಯ ಎಣಿಕೆ ಇದ್ದವು, ನಡುವೆ ಒಂದು ಗಟ್ಟಿ ಗುರುತು ಇತ್ತು. ನಿಮ್ಮ ಒಂದೂವರೆ ವರ್ಷದಲ್ಲಿ ನೀವು ಆ ಮೊದಲನೇ ತುದಿಯನ್ನು ಕಟ್ಟಬಹುದು. ಉತ್ತರ ಕನ್ನಡದ ಬಂಡೆಗಳಿಗೆ ಅಂಥ ತುದಿಗಳು ಎಷ್ಟು ಇದ್ದರೂ ಬೇಕು.

ಸಾಗರಿನ್ 2015ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ, ಸೈಕಲ್ ಮೇಲೆ ಹೋಗುವಾಗ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಗಿಲ್ಮನ್ ಪ್ರಾಧ್ಯಾಪಕರಾದರು. ಅವರ ಎಣಿಕೆ ಮುಂದಿನವರಿಗೆ ಉಳಿದಿದೆ.

ಇನ್ನು ನನ್ನ ಕತೆ. ಓದುವ ದಿನಗಳಲ್ಲಿ ನಾನೂ ಎರಡು ವರ್ಷ ಒಂದು ಬಂಡೆಸಾಲನ್ನು ನೋಡಿದ್ದೆ. ಹನ್ನೆರಡು ಚೌಕ. ಮೂಲೆಗಳಿಗೆ ಬಿಳಿ ಆಯಿಲ್ ಪೇಂಟ್ ಬಳಿದು ಗುರುತು ಮಾಡಿದ್ದೆ. ಎಣಿಕೆ ಚೆನ್ನಾಗಿಯೇ ಮಾಡಿದ್ದೆ, ಈಗಲೂ ಆ ಪುಸ್ತಕ ನನ್ನ ಹತ್ತಿರ ಇದೆ. ಹದಿನೈದು ವರ್ಷದ ಮೇಲೆ ನನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಪೇಂಟ್ ಒಂದು ಮಳೆಗಾಲವನ್ನೂ ಪೂರ್ತಿ ಕಂಡಿರಲಿಕ್ಕಿಲ್ಲ. ಪುಸ್ತಕ ತೆಗೆದರೆ ಅದರಲ್ಲಿ ಬರೆದಿದ್ದು ಇಷ್ಟೇ: ‘ದೊಡ್ಡ ಕಪ್ಪು ಬಂಡೆ, ಬಾಗಿದ ತೆಂಗಿನಮರದ ನೇರಕ್ಕೆ.’ ಅಲ್ಲಿ ಎಲ್ಲ ಬಂಡೆಯೂ ಕಪ್ಪು. ತೆಂಗಿನಮರ ಇರಲಿಲ್ಲ. ಇಡೀ ಇಳಿತ ಹುಡುಕಿದೆವು, ಒಂದು ಚೌಕವೂ ಸಿಗಲಿಲ್ಲ. ಎರಡು ವರ್ಷದ ಎಣಿಕೆ ಇತ್ತು, ಅದು ಯಾವ ಜಾಗದ ಎಣಿಕೆ ಎಂದು ನನಗೇ ಗೊತ್ತಿರಲಿಲ್ಲ. ಆ ದಿನ ಆದ ಸಂಕಟ ನಿಮಗೆ ಆಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಾಗಾಗಿ ಮೊದಲ ಕೆಲಸ ಗುರುತು. ಫೋನಿನ ಜಿಪಿಎಸ್ ನೆಚ್ಚಿಕೊಳ್ಳಬೇಡಿ. ಬಯಲಲ್ಲೂ ಅದು ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ. ನಿಮ್ಮ ಚೌಕ ಇರುವುದೇ ಅರ್ಧ ಮೀಟರ್. ಬಂಡೆಯವರೆಗೆ ಹೋಗಲು ಜಿಪಿಎಸ್ ಸಾಕು, ಚೌಕ ಹುಡುಕಲು ಬೋಲ್ಟ್ ಬೇಕು. ತುಕ್ಕು ಹಿಡಿಯದ ಒಳ್ಳೆ ಸ್ಟೀಲಿನ ಅಥವಾ ಹಿತ್ತಾಳೆಯ ಸಣ್ಣ ಬೋಲ್ಟ್, ಒಣಗಿದ ತೂತು, ಎಪಾಕ್ಸಿ ಅಂಟು. ಬೋಲ್ಟಿನ ತಲೆ ಬಂಡೆಗೆ ಅಂಟಿಕೊಂಡಂತಿರಲಿ, ಯಾರ ಕಾಲಿಗೂ ತಾಗಬಾರದು. ಕೊರೆಯುವ ಮುಂಚೆ ಕಾಲೇಜಿನ ಮೂಲಕ ಲಿಖಿತ ಅನುಮತಿ ಪಡೆಯಿರಿ. ಅನುಮತಿ ತಡವಾದರೆ ಕೆಲಸ ನಿಲ್ಲಿಸಬೇಕಿಲ್ಲ. ಬಂಡೆಯಲ್ಲೇ ಇರುವ ಬಿರುಕು, ಬೆಣಚುಕಲ್ಲಿನ ಬಿಳಿ ಗೆರೆ, ಇಂಥ ಅಳಿಯದ ಗುರುತುಗಳಿಂದ ಟೇಪು ಹಿಡಿದು ಚೌಕದ ಮೂಲೆಗಳಿಗೆ ಎಷ್ಟು ಸೆಂಟಿಮೀಟರ್ ಎಂದು ಅಳೆದು ಬರೆಯಿರಿ. ಎರಡು ಗುರುತಿನಿಂದ ಅಳೆದರೆ ಸಾಲದು, ಮೂರು ಬೇಕು. ಒಂದು ಒಡೆದುಹೋದರೂ ಎರಡು ಉಳಿಯುತ್ತವೆ.

ಫೋಟೋಗಳನ್ನೂ ಹಾಗೇ ತೆಗೆಯಿರಿ. ಚೌಕದ ಮೇಲಿಂದ ಒಂದು. ಹತ್ತು ಹೆಜ್ಜೆ ಹಿಂದೆ ನಿಂತು ಒಂದು. ಚೌಕದ ಹತ್ತಿರ ನಿಂತು ದಡದ ಕಡೆಗೆ ಒಂದು, ಕಡಲಿನ ಕಡೆಗೆ ಒಂದು. ದಡದ ಫೋಟೋದಲ್ಲಿ ಗುಡ್ಡದ ಗೆರೆ ಬರಲಿ. ಮರ, ಅಂಗಡಿ, ಮನೆ ಹೋಗುತ್ತವೆ. ಗುಡ್ಡ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಈಗ ಚೌಕದ ಒಳಗೆ ಏನಿರುತ್ತದೆ ನೋಡೋಣ. ನಿಮ್ಮ ವನ್ನಳ್ಳಿಯ ಬಂಡೆಯಾಗಲಿ, ಗೋಕರ್ಣದ ಓಂ ಬೀಚಿನ ಬಂಡೆಯಾಗಲಿ, ಇಳಿತದ ಹೊತ್ತಿಗೆ ಎದುರು ನಿಂತು ನೋಡಿದರೆ ಪಟ್ಟಿ ಪಟ್ಟಿಯಾಗಿ ಬಣ್ಣ ಕಾಣುತ್ತದೆ. ತೀರಾ ಮೇಲೆ, ತುಂತುರು ಮಾತ್ರ ಬೀಳುವ ಕಡೆ, ಬಿರುಕುಗಳಲ್ಲಿ ಮೆಣಸಿನಕಾಳಿನಷ್ಟು ದೊಡ್ಡ ಬಸವನಹುಳುಗಳು ಗುಂಪಾಗಿ ಕೂತಿರುತ್ತವೆ. ಇವು ಲಿಟ್ಟೊರಿನಿಡೇ ಕುಟುಂಬದವು. ಬಿಸಿಲಿಗೆ ಸುಟ್ಟುಹೋಗಬಾರದೆಂದು ಚಿಪ್ಪಿನ ಬಾಯಿ ಮುಚ್ಚಿಕೊಂಡಿರುತ್ತವೆ. ಸ್ವಲ್ಪ ಕೆಳಗೆ ಬೂದುಬಣ್ಣದ ಒರಟು ಪಟ್ಟಿ, ಕಾಲಿಗೆ ತಾಗಿದರೆ ಗೀರುತ್ತದೆ. ಅದು ಬಾರ್ನಕಲ್. ದೋಣಿಯ ಅಡಿಗೆ ಅಂಟಿಕೊಳ್ಳುವುದನ್ನು ನೀವು ನೋಡಿರುತ್ತೀರಿ. ನೋಡಲು ಚಿಪ್ಪಿನ ಹಾಗಿದ್ದರೂ ಅದು ಸಿಗಡಿ, ಏಡಿಗಳ ನೆಂಟ. ತಲೆಯನ್ನು ಬಂಡೆಗೆ ಅಂಟಿಸಿಕೊಂಡು, ನೀರು ಬಂದಾಗ ಬಾಗಿಲು ತೆರೆದು ಕಾಲುಗಳಿಂದ ಊಟ ಬಾಚಿಕೊಳ್ಳುತ್ತದೆ. ಇನ್ನೂ ಕೆಳಗೆ ಬಂಡೆಗೇ ಬೆಸೆದುಕೊಂಡ ಕಲ್ವ, ಅಂದರೆ ಆಯ್ಸ್ಟರ್. ಅದಕ್ಕೂ ಕೆಳಗೆ ಹಸಿರು ಪಾಚಿ, ಕಂದು ಪಾಚಿ, ಕೆಲವು ಕಡೆ ನೀಲಿಕಲ್ಲು, ಅಂದರೆ ಮಸೆಲ್ ಎಂಬ ಚಿಪ್ಪುಪ್ರಾಣಿ.

ಚೌಕದ ಹತ್ತಿರ ಮುಖ ತಂದು ಒಂದು ಐದು ನಿಮಿಷ ಸುಮ್ನೆ ನೋಡಿ. ಟೋಪಿಯ ಆಕಾರದ ಒಂದು ಚಿಪ್ಪು ಕಾಣುತ್ತದೆ, ಅದು ಲಿಂಪೆಟ್. ಬೆರಳಿನಿಂದ ಅಲುಗಿಸಲು ಹೋದರೆ ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ನೀರು ಬಂದಾಗ ಬಂಡೆಯ ಮೇಲಿನ ಪಾಚಿ ಮೇಯಲು ಹೋಗುತ್ತದೆ. ಹಲವು ಲಿಂಪೆಟ್‌ಗಳು ಮೇಯ್ದು ಮುಗಿಸಿ ತಮ್ಮ ಹಳೆಯ ಜಾಗಕ್ಕೇ ವಾಪಸ್ ಬಂದು ಕೂರುತ್ತವೆ. ಬಂಡೆಯ ಉಬ್ಬುತಗ್ಗಿಗೆ ತಕ್ಕಂತೆ ಚಿಪ್ಪಿನ ಅಂಚು ಬೆಳೆದಿರುತ್ತದೆ, ಬೇರೆ ಜಾಗದಲ್ಲಿ ಕೂತರೆ ಸಂದಿ ಬಿದ್ದು ತೇವ ಆರಿಹೋಗುತ್ತದೆ. ಒಂದು ಹತ್ತು ಚಿಪ್ಪಿಗೆ ನೈಲ್ ಪಾಲಿಶ್‌ನ ಸಣ್ಣ ಚುಕ್ಕೆ ಇಟ್ಟು, ಕೂತ ಜಾಗದ ನಕ್ಷೆ ಬರೆದಿಟ್ಟು, ಮರುದಿನ ಬಂದು ನೋಡಿ. ಇದಕ್ಕೆ ಖರ್ಚೇ ಇಲ್ಲ, ಮತ್ತು ಆ ಖುಷಿ ನಿಮ್ಮನ್ನು ಬಂಡೆಗೆ ಮತ್ತೆ ಮತ್ತೆ ಕರೆತರುತ್ತದೆ. ಇನ್ನೊಂದು ವಿಷಯ, ಸತ್ತ ಸಿಂಪಿಯ ಮೇಲೆ ಗುಂಡುಸೂಜಿಯಿಂದ ಚುಚ್ಚಿದಂಥ ದುಂಡನೆಯ ತೂತು ಕಂಡರೆ ಅದನ್ನೂ ಬರೆದುಕೊಳ್ಳಿ. ಅಲ್ಲಿ ಮಾಂಸ ತಿನ್ನುವ ಬಸವನಹುಳು ಚಿಪ್ಪು ಕೊರೆದು ಊಟ ಮಾಡಿಹೋಗಿದೆ.

ಈ ಪಟ್ಟಿಗಳು ಯಾಕೆ ಹೀಗೆ ನಿಂತಿವೆ ಎಂದು ತೋರಿಸಿಕೊಟ್ಟವರೂ ಒಬ್ಬ ವಿದ್ಯಾರ್ಥಿಯೇ. 1950ರ ದಶಕದಲ್ಲಿ ಜೋಸೆಫ್ ಕಾನೆಲ್ ಪಿಎಚ್.ಡಿ.ಗಾಗಿ ಸ್ಕಾಟ್ಲೆಂಡಿನ ಕಂಬ್ರೇ ದ್ವೀಪದ ಬಂಡೆಗಳ ಮೇಲೆ ಎರಡು ಜಾತಿಯ ಬಾರ್ನಕಲ್‌ಗಳನ್ನು ಒಂದೊಂದಾಗಿ ನಕ್ಷೆ ಹಾಕಿ ಹಿಂಬಾಲಿಸಿದರು. ಒಂದು ಜಾತಿ ಮೇಲಿನ ಪಟ್ಟಿಯಲ್ಲಿ, ಇನ್ನೊಂದು ಕೆಳಗಿನ ಪಟ್ಟಿಯಲ್ಲಿ. ಮೇಲಿನದರ ಮರಿಗಳು ಕೆಳಗೂ ಬಂದು ಕೂರುತ್ತಿದ್ದವು, ಆದರೆ ಕೆಳಗಿನದು ಬೇಗ ಬೆಳೆದು ಅವುಗಳನ್ನು ಒತ್ತಿ, ಎಬ್ಬಿ, ಮುಚ್ಚಿ ಹಾಕುತ್ತಿತ್ತು. ಕೆಳಗಿನದನ್ನು ತೆಗೆದುಹಾಕಿದ ಕಡೆ ಮೇಲಿನದು ಆರಾಮಾಗಿ ಬದುಕಿತು. ಅಂದರೆ ಮೇಲೆ ಎಷ್ಟು ದೂರ ಹೋಗಬಹುದು ಎನ್ನುವುದನ್ನು ಬಹುಪಾಲು ಬಿಸಿಲು, ಒಣಗು ತೀರ್ಮಾನಿಸುತ್ತವೆ. ಕೆಳಗೆ ಎಷ್ಟು ಇಳಿಯಬಹುದು ಎನ್ನುವುದನ್ನು ಹೆಚ್ಚಾಗಿ ನೆರೆಯವರು, ತಿನ್ನುವವರು ತೀರ್ಮಾನಿಸುತ್ತಾರೆ. 1961ರಲ್ಲಿ ಬಂದ ಈ ಕೆಲಸ ನಿಮ್ಮ ಪಠ್ಯದಲ್ಲಿ ಒಂದು ಚಿತ್ರವಾಗಿ ಇರಬಹುದು. ಆ ಚಿತ್ರದ ಹಿಂದೆ ಚಳಿಗಾಳಿಯಲ್ಲಿ ಬಂಡೆಗೆ ಬಾಗಿ ಕೂತ ಒಬ್ಬ ಯುವಕ ಇದ್ದ ಎಂದು ನೆನಪಿರಲಿ.

ಏನು ಎಣಿಸಬೇಕು, ಹೇಗೆ? ಪಿವಿಸಿ ಪೈಪಿನಲ್ಲಿ 50 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಉದ್ದದ ಚೌಕಟ್ಟು ಮಾಡಿ. ಪ್ಲಂಬರ್ ಅಂಗಡಿಯಲ್ಲಿ ಸಾಮಾನು ಸಿಗುತ್ತದೆ. ಅಡ್ಡ ಹತ್ತು, ಉದ್ದ ಹತ್ತು ನೈಲಾನ್ ದಾರ ಕಟ್ಟಿ. ದಾರಗಳು ಕೂಡುವ ಜಾಗ ನೂರು. ಪ್ರತಿ ಗಂಟಿನ ಕೆಳಗೆ ಏನಿದೆ ಎಂದು ಬರೆಯಿರಿ: ಬಾರ್ನಕಲ್, ಕಲ್ವ, ಹಸಿರು ಪಾಚಿ, ಬರೀ ಬಂಡೆ, ಮರಳು. ನೂರಕ್ಕೆ ಎಷ್ಟು ಎಂದು ತಾನೇ ಸಿಕ್ಕಿಬಿಡುತ್ತದೆ. ಓಡಾಡುವ ಪ್ರಾಣಿಗಳನ್ನು, ಅಂದರೆ ಲಿಂಪೆಟ್, ಬಸವನಹುಳು, ಏಡಿ, ಇವನ್ನು ಬೇರೆಯಾಗಿ ತಲೆ ಎಣಿಸಿ. ಮೇಲಿನ ಪಟ್ಟಿಯಲ್ಲಿ ಐದು ಚೌಕ, ನಡುವೆ ಐದು, ಕೆಳಗೆ ಐದು. ಐದು ಜನಕ್ಕೆ ಇಷ್ಟೇ ಬೇಕಾದಷ್ಟಾಯಿತು. ಚೌಕದ ಸಂಖ್ಯೆ ಜಾಸ್ತಿ ಮಾಡುವ ಆಸೆಗೆ ಬಿದ್ದು ಎಣಿಕೆ ಅವಸರದ್ದಾಗುವುದನ್ನು ನಾನು ಬಹಳ ನೋಡಿದ್ದೇನೆ.

ಇಲ್ಲಿ ಒಂದು ಮಾತಿಗೆ ನೀವು ಗಟ್ಟಿಯಾಗಿ ನಿಲ್ಲಬೇಕು. ಪಟ್ಟಿಯಲ್ಲಿರುವ ಜೀವಿ ಚೌಕದಲ್ಲಿ ಇಲ್ಲದಿದ್ದರೆ ಆ ಕಾಲಂ ಖಾಲಿ ಬಿಡಬೇಡಿ, ಸೊನ್ನೆ ಬರೆಯಿರಿ. ಖಾಲಿ ಎಂದರೆ ಇಲ್ಲವೋ, ನೋಡಲಿಲ್ಲವೋ ಮುಂದಿನವರಿಗೆ ತಿಳಿಯುವುದಿಲ್ಲ. ದಕ್ಷಿಣ ಅಮೆರಿಕದ ಮೂಲದ ಮೈಟೆಲ್ಲಾ ಎಂಬ ನೀಲಿಕಲ್ಲಿನ ಜಾತಿಯ ಚಿಪ್ಪುಪ್ರಾಣಿ ಕೇರಳದ ಹಿನ್ನೀರುಗಳಲ್ಲಿ ಜೋರಾಗಿ ಹರಡಿ, ಅಲ್ಲಿನವರು ಹಿಡಿದು ಮಾರುತ್ತಿದ್ದ ಚಿಪ್ಪುಗಳ ಜಾಗ ಆಕ್ರಮಿಸಿದೆ. ನಾಳೆ ಅಂಥದ್ದು ನಿಮ್ಮ ಬಂಡೆಗೋ, ಅಘನಾಶಿನಿಯ ಅಳಿವೆಗೋ ಬಂತು ಅಂದುಕೊಳ್ಳಿ. ಯಾವಾಗ ಬಂತು ಎಂದು ಹೇಳಬೇಕಾದರೆ ಅದಕ್ಕೆ ಮುಂಚೆ ಯಾರೋ ನೋಡಿ, ಹುಡುಕಿ, ಸೊನ್ನೆ ಅಂತ ಬರೆದಿರಬೇಕು. ಆ ಸೊನ್ನೆಗೆ ಬಹಳ ಬೆಲೆ.

ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ 2013ರಲ್ಲಿ ನಕ್ಷತ್ರಮೀನುಗಳಿಗೆ ಒಂದು ರೋಗ ಬಂತು. ಮೈಮೇಲೆ ಗಾಯ, ಆಮೇಲೆ ತೋಳು ಕಳಚಿ ಬೀಳುವುದು, ಕೊನೆಗೆ ಕರಗಿದಂತೆ ಆಗಿ ಸಾವು. ಇಪ್ಪತ್ತಕ್ಕೂ ಹೆಚ್ಚು ಜಾತಿಗಳು ಸಿಕ್ಕಿಕೊಂಡವು. ಎಷ್ಟು ಸತ್ತವು, ಎಲ್ಲಿ ಮೊದಲು, ಎಲ್ಲಿ ಆಮೇಲೆ ಎಂದು ಲೆಕ್ಕ ಹಾಕಲು ಆಗಿದ್ದು ಅದಕ್ಕೆ ಮುಂಚಿನಿಂದಲೂ ವರ್ಷ ವರ್ಷ ಬಂಡೆಗಳ ಮೇಲೆ ಎಣಿಸುತ್ತಿದ್ದ ತಂಡಗಳಿಂದ. ಸೂರ್ಯಕಾಂತಿ ನಕ್ಷತ್ರಮೀನು ಎಂಬ ದೊಡ್ಡ ಜಾತಿಯಲ್ಲಿ ಇದಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣ ಎಂದು ಗಟ್ಟಿಯಾಗಿ ಗೊತ್ತಾಗಿದ್ದು 2025ರಲ್ಲಿ. ಕಾರಣ ಸಿಗಲು ಹನ್ನೆರಡು ವರ್ಷ ಹಿಡಿಯಿತು. ನಷ್ಟದ ಲೆಕ್ಕ ಮಾತ್ರ ಮೊದಲೇ ಕೈಯಲ್ಲಿತ್ತು.

ಯಾವಾಗ ಎಣಿಸಬೇಕು? ನಮ್ಮ ಕರಾವಳಿಗೆ ಮಳೆಗಾಲವೇ ಯಜಮಾನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲೆ ಬಂಡೆಯನ್ನು ಉಜ್ಜಿ ತೊಳೆಯುತ್ತದೆ, ಹೊಳೆಯ ಸಿಹಿನೀರು ಬಂದು ಉಪ್ಪು ಇಳಿಯುತ್ತದೆ. ಕೆಲವು ಜೀವಿ ಸಾಯುತ್ತವೆ, ಕೆಲವು ಪಾಚಿಗಳು ಆಗಲೇ ಚಿಗುರುತ್ತವೆ. ಮಳೆ ನಿಂತ ಮೇಲೆ ಖಾಲಿಯಾದ ಜಾಗಕ್ಕೆ ಹೊಸ ಮರಿಗಳು ಬಂದು ಕೂರುತ್ತವೆ. ಹಾಗಾಗಿ ವರ್ಷಕ್ಕೆ ಎರಡು ದೊಡ್ಡ ಎಣಿಕೆ ತಪ್ಪದೆ ಮಾಡಿ: ಮಳೆಗೆ ಮುಂಚೆ ಏಪ್ರಿಲ್‌ ಕೊನೆ ಅಥವಾ ಮೇ ತಿಂಗಳಲ್ಲಿ ಒಂದು, ಮಳೆಯ ನಂತರ ಅಕ್ಟೋಬರ್ ಕೊನೆ ಅಥವಾ ನವೆಂಬರ್‌ನಲ್ಲಿ ಒಂದು. ನಿಮ್ಮ ಸಮಯದಲ್ಲಿ ಮೂರು ಎಣಿಕೆ ಸಿಗುತ್ತದೆ. ನಡುವೆ ತಿಂಗಳಿಗೊಮ್ಮೆ ಹೋಗಿ ಫೋಟೋ ಮಾತ್ರ ತೆಗೆದು ಬನ್ನಿ.

ದಿನ ಆರಿಸುವುದು ಸುಲಭ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನದಲ್ಲಿ ನೀರು ಅತಿ ಕೆಳಗೆ ಇಳಿಯುತ್ತದೆ. ಒಂದು ಊರಿನಲ್ಲಿ ಆ ದೊಡ್ಡ ಇಳಿತ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತದೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಿಮ್ಮೂರಿನ ಮೀನುಗಾರರಿಗೆ ಇದು ಬಾಯಿಪಾಠ. ಹೊತ್ತನ್ನು ಪ್ರತಿ ಸಲ ಬರೆದುಕೊಳ್ಳಿ, ಅದು ಸಣ್ಣ ವಿಷಯವಲ್ಲ. ಬ್ರಯಾನ್ ಹೆಲ್ಮತ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ನೀಲಿಕಲ್ಲಿನ ಅಳತೆಯದೇ ಉಷ್ಣಾಂಶ ಅಳೆಯುವ ಯಂತ್ರಗಳನ್ನು ಅಮೆರಿಕದ ಪಶ್ಚಿಮ ತೀರದ ಬಂಡೆಗಳಲ್ಲಿ ಇಟ್ಟು ನೋಡಿದರು. ದಕ್ಷಿಣಕ್ಕೆ ಹೋದ ಹಾಗೆ ಬಿಸಿ ಜಾಸ್ತಿ ಇರಬೇಕು ಅಲ್ವಾ? ಹಾಗಿರಲಿಲ್ಲ. ಬೇಸಿಗೆಯಲ್ಲಿ ಇಳಿತ ನಡುಮಧ್ಯಾಹ್ನ ಬರುವ ಕೆಲವು ಉತ್ತರದ ಜಾಗಗಳಲ್ಲಿ ದಕ್ಷಿಣಕ್ಕಿಂತ ಹೆಚ್ಚು ಕಾಯುತ್ತಿತ್ತು. ಬಂಡೆಯ ಮೇಲಿನ ಜೀವಿಗೆ ತಾನು ನೀರಿನಿಂದ ಹೊರಗೆ ಯಾವ ಹೊತ್ತಲ್ಲಿ ಇರುತ್ತೇನೆ ಎನ್ನುವುದೇ ದೊಡ್ಡ ಪ್ರಶ್ನೆ.

ಯಾರಾದರೂ ನಂಬುತ್ತಾರಾ ಎಂದು ಕೇಳಿದ್ದೀರಿ. ಕ್ಯಾಲಿಫೋರ್ನಿಯಾದಲ್ಲಿ ‘ಲಿಂಪೆಟ್ಸ್’ ಎಂಬ ಕಾರ್ಯಕ್ರಮ ಇದೆ. ಶಾಲೆ, ಕಾಲೇಜಿನ ಮಕ್ಕಳು ವರ್ಷ ವರ್ಷ ಅದೇ ಬಂಡೆ, ಅದೇ ಮರಳದಂಡೆಗೆ ಹೋಗಿ ಎಣಿಸುತ್ತಾರೆ. ಲೆಕ್ಕ ಎಲ್ಲರಿಗೂ ಸಿಗುವಂತೆ ಇಡುತ್ತಾರೆ. ನಮ್ಮಲ್ಲೂ ಮುಂಬೈನಲ್ಲಿ 2017ರಿಂದ ‘ಮರೀನ್ ಲೈಫ್ ಆಫ್ ಮುಂಬೈ’ ಎಂದು ಊರಿನ ಜನರೇ ಸೇರಿ ನಗರದ ಬಂಡೆಗಳಲ್ಲಿ ಕಂಡದ್ದನ್ನು ಫೋಟೋ ಸಮೇತ ದಾಖಲಿಸುತ್ತಿದ್ದಾರೆ. ನಂಬಿಕೆ ಹುಟ್ಟುವುದು ಎಣಿಸಿದವರ ಡಿಗ್ರಿಯಿಂದ ಅಲ್ಲ, ಎಣಿಕೆಯನ್ನು ಪರೀಕ್ಷಿಸಲು ಅವಕಾಶ ಇಟ್ಟಿದ್ದೀರಾ ಎನ್ನುವುದರಿಂದ. ಪ್ರತಿ ಸಲ ಎರಡು ಚೌಕವನ್ನು ಇಬ್ಬರು ಬೇರೆ ಬೇರೆಯಾಗಿ, ಒಬ್ಬರ ಹಾಳೆ ಇನ್ನೊಬ್ಬರು ನೋಡದೆ ಎಣಿಸಲಿ. ಒಬ್ಬಳಿಗೆ 41 ಲಿಂಪೆಟ್, ಇನ್ನೊಬ್ಬಳಿಗೆ 36 ಬಂದರೆ ಎರಡನ್ನೂ ಬರೆಯಿರಿ. ತಿದ್ದಿ ಒಂದು ಮಾಡಬೇಡಿ. ನಿಮ್ಮ ಎಣಿಕೆಯಲ್ಲಿ ಎಷ್ಟು ಹೆಚ್ಚುಕಡಿಮೆ ಇರಬಹುದು ಎಂದು ಅದರಿಂದಲೇ ತಿಳಿಯುವುದು. ಪರಿಣತರು ಎಣಿಸಿದಾಗಲೂ ವ್ಯತ್ಯಾಸ ಬರುತ್ತದೆ, ನನ್ನ ಲೆಕ್ಕಗಳಲ್ಲೂ ಬಂದಿದೆ.

ಜಾತಿ ಗುರುತಿಸಲು ಕಷ್ಟವಾದರೆ ಒತ್ತಾಯದಿಂದ ಹೆಸರು ಹಚ್ಚಬೇಡಿ. ‘ಲಿಂಪೆಟ್, ಕಂದು ಗೆರೆಯದು’ ಎಂದು ಬರೆದು ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ, ನಿಮ್ಮ ಊರಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಫೋಟೋ ಹಿಡಿದು ಒಂದು ದಿನ ಹೋಗಿ ಕೇಳಿ. ಪ್ರಾಣಿಗಳನ್ನು ಕಿತ್ತು ತರಬೇಡಿ. ಹವಳ, ಕಡಲಸೌತೆ, ಕಡಲಕುದುರೆ ಕಂಡರಂತೂ ಮುಟ್ಟಲೇಬೇಡಿ, ಅವಕ್ಕೆ ವನ್ಯಜೀವಿ ಕಾಯಿದೆಯ ರಕ್ಷಣೆ ಇದೆ. ಮಗುಚಿದ ಕಲ್ಲನ್ನು ಮತ್ತೆ ಇದ್ದ ಹಾಗೇ ಇಡಿ. ಅದರ ಅಡಿಯಲ್ಲಿದ್ದವು ಬಿಸಿಲಿಗೆ ಬಿದ್ದರೆ ಒಂದು ಮಧ್ಯಾಹ್ನದಲ್ಲಿ ಸಾಯುತ್ತವೆ.

ಇನ್ನೊಂದು ಮುಖ್ಯ ವಿಷಯ, ಬಂಡೆಯ ಮೇಲೆ ನಿಮಗಿಂತ ಮುಂಚಿನಿಂದ ಇರುವವರು. ಇಳಿತದ ಹೊತ್ತಲ್ಲಿ ಕಲ್ವ, ನೀಲಿಕಲ್ಲು ಬಿಡಿಸಲು ಬರುವ ಹೆಂಗಸರನ್ನು ನೀವು ನೋಡಿರುತ್ತೀರಿ. ಚಿಲಿ ದೇಶದ ಲಾಸ್ ಕ್ರೂಸೆಸ್ ಎಂಬಲ್ಲಿ 1982ರಲ್ಲಿ ಒಂದು ಸಂಶೋಧನಾ ಕೇಂದ್ರದವರು ಸ್ವಲ್ಪ ಬಂಡೆ ತೀರಕ್ಕೆ ಬೇಲಿ ಹಾಕಿ, ಚಿಪ್ಪು ಆರಿಸುವುದನ್ನು ನಿಲ್ಲಿಸಿದರು. ಒಳಗೆ ಲೋಕೋ ಎಂಬ ದೊಡ್ಡ ಮಾಂಸಾಹಾರಿ ಬಸವನಹುಳು ಹೆಚ್ಚಿತು. ಅದು ನೀಲಿಕಲ್ಲಿನ ಜಾತಿಯ ಚಿಪ್ಪುಗಳ ದಟ್ಟ ಹಾಸನ್ನು ತಿಂದು ಮುಗಿಸಿತು. ಖಾಲಿಯಾದ ಜಾಗವನ್ನು ಬಾರ್ನಕಲ್‌ಗಳು ತುಂಬಿದವು. ಬೇಲಿಯ ಹೊರಗೆ, ಜನ ಲೋಕೋ ಹಿಡಿಯುವ ಕಡೆ, ಚಿಪ್ಪಿನ ಹಾಸು ಹಾಗೇ ಇತ್ತು. ಅಂದರೆ ಮನುಷ್ಯನೂ ಆ ಬಂಡೆಯ ಒಬ್ಬ ಬೇಟೆಗಾರ. ನಿಮ್ಮ ಬಂಡೆಗೆ ಬರುವ ಹೆಂಗಸರನ್ನು ಅಡ್ಡಿ ಎಂದು ತಿಳಿಯಬೇಡಿ. ಎಷ್ಟು ಜನ ಬಂದಿದ್ದರು, ಯಾವ ಪಟ್ಟಿಯಲ್ಲಿ, ಏನು ತೆಗೆದರು ಎಂದು ಅವರನ್ನು ಕೇಳಿಯೇ ಬರೆಯಿರಿ. ಮೊದಲ ದಿನ ಅವರ ಜೊತೆ ನಡೆಯಿರಿ. ಯಾವ ಚಿಪ್ಪಿಗೆ ಯಾವ ಹೆಸರು, ಮೊದಲು ಎಲ್ಲಿ ಜಾಸ್ತಿ ಸಿಗುತ್ತಿತ್ತು, ಈಗ ಎಲ್ಲಿ ಇಲ್ಲ, ಇದೆಲ್ಲ ಅವರಿಗೆ ಗೊತ್ತಿರುತ್ತದೆ. ಕನ್ನಡ, ಕೊಂಕಣಿ ಯಾವ ಹೆಸರು ಹೇಳಿದರೂ ಹಾಗೇ ಬರೆದುಕೊಳ್ಳಿ.

ನನಗೆ ಒಂದು ಆಸೆ ಇದೆ, ನಿಮಗೆ ಹೊಂದಿದರೆ ನೋಡಿ. ಕಡಲ್ಕೊರೆತ ತಡೆಯಲು ನಮ್ಮ ಕರಾವಳಿಯ ಎಷ್ಟೋ ಕಡೆ ಕಲ್ಲಿನ ತಡೆಗೋಡೆ ಹಾಕಿದ್ದಾರೆ. ಕ್ವಾರಿಯಿಂದ ತಂದ, ಜೀವವೇ ಇಲ್ಲದ ಬೋಳು ಬಂಡೆ. ಮರಳದಂಡೆ ಇದ್ದ ಕಡೆ ಅದು ಹೊಸ ಬಂಡೆ ತೀರ. ಯಾವ ತಿಂಗಳು ಕಲ್ಲು ಬಿತ್ತು ಎಂದು ಊರಿನವರಿಗೆ ನೆನಪಿರುತ್ತದೆ. ನಿಮ್ಮ ಹತ್ತಿರ ಅಂಥ ಹೊಸ ಗೋಡೆ ಇದ್ದರೆ ಅಲ್ಲಿ ನಾಲ್ಕೈದು ಚೌಕ ಇಡಿ. ಮೊದಲು ಯಾರು ಬಂದರು, ಆಮೇಲೆ ಯಾರು, ಹಳೆಯ ಬಂಡೆಯ ಹಾಗಾಗಲು ಎಷ್ಟು ಮಳೆಗಾಲ ಬೇಕು, ಹಾಗಾಗುತ್ತದೆಯೇ ಇಲ್ಲವೇ. ಮೊದಲ ದಿನದಿಂದಲೇ ಲೆಕ್ಕ ಸಿಗುವ ಅವಕಾಶ ಹೆವಾಟ್ ಅವರಿಗೂ ಇರಲಿಲ್ಲ.

ಒಂದು ಎಚ್ಚರಿಕೆ. ರಾಬರ್ಟ್ ಪೇನ್ ಎಂಬ ಅಮೆರಿಕದ ಪರಿಸರ ವಿಜ್ಞಾನಿಯ ಹೆಸರು ನೀವು ಕೇಳಿರಬಹುದು. ವಾಷಿಂಗ್ಟನ್ ರಾಜ್ಯದ ಮಕಾ ಕೊಲ್ಲಿಯಲ್ಲಿ 1963ರಿಂದ ಒಂದು ಬಂಡೆಯ ನಕ್ಷತ್ರಮೀನುಗಳನ್ನೆಲ್ಲ ಕಿತ್ತು ಕಿತ್ತು ಕಡಲಿಗೆ ಎಸೆದರು. 15 ಜಾತಿಗಳಿದ್ದ ಕಡೆ 8 ಉಳಿದವು, ನಕ್ಷತ್ರಮೀನು ತಿನ್ನುತ್ತಿದ್ದ ಚಿಪ್ಪುಗಳು ಬಂಡೆಯನ್ನೆಲ್ಲ ಮುಚ್ಚುತ್ತ ಬಂದವು. ಒಂದು ಜಾತಿ ಇಡೀ ಸಮುದಾಯವನ್ನು ಹಿಡಿದು ನಿಲ್ಲಿಸಬಲ್ಲದು ಎಂಬ ದೊಡ್ಡ ಮಾತು ಅಲ್ಲಿಂದ ಹುಟ್ಟಿತು. ಓದಿದರೆ ಮಾಡಿ ನೋಡಬೇಕೆನ್ನಿಸುತ್ತದೆ. ನೀವು ಮಾಡಬೇಡಿ. ಮೊದಲ ಎಣಿಕೆ ಇಲ್ಲದ ಬಂಡೆಯಲ್ಲಿ ಕೀಳುವ ಪ್ರಯೋಗಕ್ಕೆ ಅರ್ಥವಿಲ್ಲ.

ಪೇನ್ ಅವರಿಂದ ಕಲಿಯಬೇಕಾದ್ದು ಬೇರೊಂದಿದೆ. ಮಕಾ ಕೊಲ್ಲಿಯ ಹತ್ತಿರದ ಟಟೂಶ್ ದ್ವೀಪಕ್ಕೆ ಅವರು ದಶಕಗಟ್ಟಲೆ ಹೋದರು, ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದರು. ಅಲ್ಲಿ ಕಲಿತ ಕ್ಯಾಥರೀನ್ ಫಿಸ್ಟರ್, ತಿಮೊಥಿ ವೂಟನ್ ಅದೇ ಬಂಡೆಗಳಲ್ಲಿ ಕೆಲಸ ಮುಂದುವರಿಸಿದರು. ಎಂಟು ವರ್ಷ ನೀರಿನ ಆಮ್ಲತೆ ಅಳೆದು, ಅದು ಲೆಕ್ಕ ಹಾಕಿದ್ದಕ್ಕಿಂತ ಬಹಳ ಬೇಗ ಏರುತ್ತಿದೆ ಎಂದು 2008ರಲ್ಲಿ ತೋರಿಸಿದರು. ಪೇನ್ 2016ರಲ್ಲಿ ತೀರಿಕೊಂಡರು. ಅವರ ಬಂಡೆಯನ್ನು ಬಲ್ಲವರು ಅಷ್ಟರಲ್ಲಿ ಎಷ್ಟೋ ಜನ ಇದ್ದರು.

ಮುಂದಿನವರನ್ನು ತಯಾರು ಮಾಡುವುದನ್ನು ನೀವೂ ಕೆಲಸದ ಮೊದಲ ವರ್ಷವೇ ಶುರು ಮಾಡಿ. ಕೊನೆಯ ಸೆಮಿಸ್ಟರಿಗೆ ಬಿಡಬೇಡಿ. ಎರಡನೇ ಎಣಿಕೆಗೆ ಇಬ್ಬರು ಜೂನಿಯರ್‌ಗಳನ್ನು ಕರೆದುಕೊಂಡು ಹೋಗಿ. ಮೂರನೇ ಎಣಿಕೆಯನ್ನು ಅವರೇ ಮಾಡಲಿ, ನೀವು ಪಕ್ಕದಲ್ಲಿ ನಿಲ್ಲಿ. ಅದಕ್ಕೂ ಮುಂಚೆ ಒಂದು ಪರೀಕ್ಷೆ: ಬಂಡೆ ನೋಡಿಯೇ ಇರದ ಒಬ್ಬರ ಕೈಗೆ ನಿಮ್ಮ ಪುಸ್ತಕ ಮಾತ್ರ ಕೊಟ್ಟು, ‘ಏಳನೇ ಚೌಕ ಹುಡುಕು’ ಅನ್ನಿ. ಬಾಯಿಬಿಟ್ಟು ಏನೂ ಹೇಳಬೇಡಿ. ಅವರು ತಪ್ಪಿದ ಕಡೆ ನಿಮ್ಮ ಬರವಣಿಗೆ ತಿದ್ದಿಕೊಳ್ಳಬೇಕು. ಹಾಳೆಗಳನ್ನು ಅದೇ ಸಂಜೆ ಫೋಟೋ ತೆಗೆಯಿರಿ. ಒಂದು ಪ್ರತಿ ವಿಭಾಗದಲ್ಲಿ, ಒಂದು ಕಾಲೇಜು ಲೈಬ್ರರಿಯಲ್ಲಿ, ಒಂದು ಅಂತರ್ಜಾಲದಲ್ಲಿ ಯಾರು ಬೇಕಾದರೂ ತೆಗೆದುಕೊಳ್ಳುವ ಹಾಗೆ. ವಾಟ್ಸಾಪ್ ಗುಂಪಿನಲ್ಲಿ ಇದೆ ಎಂದರೆ ಎಲ್ಲೂ ಇಲ್ಲ ಎಂದೇ ಲೆಕ್ಕ.

ಬಂಡೆಗೆ ಒಬ್ಬರೇ ಹೋಗಬೇಡಿ. ಒಬ್ಬರು ಎಣಿಸುವಾಗ ಒಬ್ಬರ ಕೆಲಸ ಕಡಲನ್ನು ನೋಡುತ್ತಿರುವುದು, ಬೇರೇನೂ ಅಲ್ಲ. ನೀರಿಗೆ ಬೆನ್ನು ಹಾಕಬೇಡಿ. ಇಳಿತದ ಒಂದೂವರೆ ಗಂಟೆ ಮುಂಚೆ ಇಳಿದು, ನೀರು ತಿರುಗಿದ ಕೂಡಲೇ ಮೇಲೆ ಬನ್ನಿ. ಕೆಳಗಿನ ಚೌಕ ಬಾಕಿ ಉಳಿದರೆ ಉಳಿಯಲಿ, ಮರುದಿನವೂ ಇಳಿತ ಇದೆ. ಅಡಿ ಹಿಡಿಯುವ ಶೂ ಹಾಕಿ. ಹಸಿರು ಪಾಚಿಯ ಮೇಲೆ ಕಾಲಿಡಬೇಡಿ, ಅದು ಎಣ್ಣೆಗಿಂತ ಜಾರುತ್ತದೆ. ಜೂನ್ ಬಂದ ಮೇಲೆ ದಡದಿಂದಲೇ ಫೋಟೋ ತೆಗೆದರೆ ಸಾಕು.

ಪುಸ್ತಕವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಒಂದು ಅಲೆ ಬಿದ್ದರೆ ಹರಡಿಬಿಡುತ್ತದೆ, ಸೀಸದ ಗೆರೆ ಹಾಗೇ ಇರುತ್ತದೆ.